ಉಸಿರನ್ನು ಅಳೆಯಹೊರಟರೆ ಉಸಿರೇ ಬದಲಾಗುವುದೇ?

ಆಸ್ತಮಾಕ್ಕೆ ಸಿದ್ಧವಾದ ಹೊಸ ಔಷಧವೊಂದು ಮನುಷ್ಯರ ಮೇಲಿನ ಪರೀಕ್ಷೆಗೆ ಬರುವ ಮುನ್ನ ಸಾಮಾನ್ಯವಾಗಿ ಇಲಿಯ ಶ್ವಾಸಕೋಶವನ್ನು ಹಾದುಬರುತ್ತದೆ. ಔಷಧ ಪಡೆದ ಇಲಿಯ ಶ್ವಾಸನಾಳಗಳು ಎಷ್ಟು ಬಿಗಿದವು, ಪಡೆಯದ ಇಲಿಯಲ್ಲಿ ಎಷ್ಟು ಬಿಗಿದವು ಎಂಬ ಎರಡು ಅಂಕಿಗಳ ಅಂತರವನ್ನು ನೋಡಿ ಮುಂದಿನ ಹೆಜ್ಜೆಯನ್ನು ನಿರ್ಧರಿಸಲಾಗುತ್ತದೆ. ಆದರೆ ಆ ಅಂಕಿಯನ್ನು ಪಡೆಯಲು ಬಳಸಿದ ವಿಧಾನವೇ ಇಲಿಯ ಉಸಿರಾಟವನ್ನು ಬದಲಿಸಿಬಿಟ್ಟಿದ್ದರೆ?

ಇದು ಕೇವಲ ತರ್ಕಕ್ಕಾಗಿ ಎತ್ತಿದ ಪ್ರಶ್ನೆಯಲ್ಲ. 1990ರ ದಶಕದ ಕೊನೆಯಲ್ಲಿ ಆರಂಭಗೊಂಡು ಹಲವು ವರ್ಷಗಳ ಕಾಲ ಶ್ವಾಸಕೋಶ ವಿಜ್ಞಾನಿಗಳು ಸಂಶೋಧನಾ ಪತ್ರಿಕೆಗಳ ಪುಟಗಳಲ್ಲಿ ಬಹಿರಂಗವಾಗಿಯೇ ವಾದಿಸಿದ ವಿಷಯ. ಅಳತೆಯ ವಿಧಾನವು ಪ್ರಾಣಿಯ ಉಸಿರಾಟದ ಮೇಲೆ ಪರಿಣಾಮ ಬೀರುತ್ತದೆ ಎಂಬುದರಲ್ಲಿ ಈಗ ಸಂಶಯ ಉಳಿದಿಲ್ಲ. ಯಾವ ವಿಧಾನ ಯಾವುದನ್ನು ಬದಲಿಸುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯುವುದು ಹೇಗೆ ಎಂಬುದೇ ಉಳಿದಿರುವ ಪ್ರಶ್ನೆ.

ನಾಲ್ಕು ಹನಿಯಷ್ಟು ಗಾಳಿ

ತೊಡಕಿನ ಮೂಲ ಪ್ರಾಣಿಯ ಗಾತ್ರದಲ್ಲಿದೆ. ಪ್ರಯೋಗಾಲಯದ ಇಲಿ ತೂಗುವುದು 20ರಿಂದ 25 ಗ್ರಾಂ. ಒಮ್ಮೆ ಉಸಿರೆಳೆದುಕೊಂಡರೆ ಒಳಹೋಗುವ ಗಾಳಿ ಸುಮಾರು 0.2 ಮಿಲಿಲೀಟರ್, ಅಂದರೆ ನಾಲ್ಕು ಹನಿ ನೀರಿನಷ್ಟು. ವಿಶ್ರಾಂತಿಯಲ್ಲಿರುವ ಮನುಷ್ಯ ಒಂದು ಉಸಿರಿಗೆ ಸುಮಾರು 500 ಮಿಲಿಲೀಟರ್ ಗಾಳಿಯನ್ನು ನಿಮಿಷಕ್ಕೆ ಹನ್ನೆರಡರಿಂದ ಹದಿನಾರು ಬಾರಿ ಎಳೆದುಕೊಂಡರೆ, ಇಲಿ ಇನ್ನೂರು ಬಾರಿ, ಗಾಬರಿಗೊಂಡಾಗ ಅದಕ್ಕೂ ಹೆಚ್ಚು ಬಾರಿ ಉಸಿರಾಡುತ್ತದೆ. ಇಷ್ಟು ಸಣ್ಣ ಪ್ರಾಣಿಗೆ ಜೋಡಿಸುವ ನಳಿಕೆಯಲ್ಲಿ 0.1 ಮಿಲಿಲೀಟರ್ ಜಾಗ ಉಳಿದರೂ ಅದು ಒಂದು ಉಸಿರಿನ ಅರ್ಧದಷ್ಟು. ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳಬೇಕಾದ ಪ್ರಾಣಿ ಸಹಜವಾಗಿಯೇ ಇನ್ನಷ್ಟು ಆಳವಾಗಿ ಉಸಿರಾಡುತ್ತದೆ.

ಅಳೆಯಬೇಕಾದುದು ಏನು ಎಂಬುದನ್ನೂ ಇಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ನಿಮಿಷಕ್ಕೆ ಎಷ್ಟು ಉಸಿರು, ಪ್ರತಿ ಉಸಿರು ಎಷ್ಟು ಆಳ, ಎಳೆಯಲು ಎಷ್ಟು ಹೊತ್ತು, ಬಿಡಲು ಎಷ್ಟು ಹೊತ್ತು ಎಂಬುದು ಉಸಿರಾಟದ ಲಯ. ಇದನ್ನು ಮೆದುಳು ನಿಯಂತ್ರಿಸುತ್ತದೆ. ಶ್ವಾಸನಾಳಗಳು ಗಾಳಿಯ ಹರಿವಿಗೆ ಒಡ್ಡುವ ಪ್ರತಿರೋಧ ಮತ್ತು ಶ್ವಾಸಕೋಶದ ಅಂಗಾಂಶ ಹಿಗ್ಗಲು ತೋರುವ ಬಿಗುಪು ಉಸಿರಾಟದ ಯಾಂತ್ರಿಕ ಗುಣಗಳು. ಬಲೂನು ಊದುವವನು ಎಷ್ಟು ಸಲ ಊದಿದ ಎಂಬುದು ಒಂದು ಸಂಗತಿ, ಬಲೂನಿನ ರಬ್ಬರ್ ಎಷ್ಟು ಗಡುಸು, ಅದರ ಬಾಯಿ ಎಷ್ಟು ಕಿರಿದು ಎಂಬುದು ಬೇರೆಯೇ ಸಂಗತಿ. ಈ ಎರಡನ್ನೂ ಒಂದೇ ಎಂದು ಭಾವಿಸಿದ್ದರಿಂದಲೇ ಮುಂದೆ ದೊಡ್ಡ ಗೊಂದಲ ಉಂಟಾಯಿತು.

ಯಾಂತ್ರಿಕ ಗುಣಗಳನ್ನು ತಿಳಿಯಲು ಗಾಳಿಯ ಹರಿವು ಮತ್ತು ಅದನ್ನು ತಳ್ಳುವ ಒತ್ತಡ ಎರಡನ್ನೂ ಏಕಕಾಲದಲ್ಲಿ ಅಳೆಯಬೇಕು. ಹರಿವನ್ನು ಮೂಗಿನ ಬಳಿ ಅಳೆಯಬಹುದು. ಒತ್ತಡ ಇರುವುದು ಎದೆಗೂಡಿನ ಒಳಗೆ. ಅಲ್ಲಿಗೆ ಉಪಕರಣ ತಲುಪಬೇಕೆಂದರೆ ಪ್ರಾಣಿಯ ದೇಹವನ್ನು ಪ್ರವೇಶಿಸದೆ ಗತ್ಯಂತರವಿಲ್ಲ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮೇರಿ ಆಮ್ಡರ್ ಮತ್ತು ಜೆರಿ ಮೀಡ್ 1958ರಲ್ಲಿ ಪ್ರಕಟಿಸಿದ ವಿಧಾನ ಈ ದಿಕ್ಕಿನಲ್ಲಿ ಒಂದು ಮೈಲಿಗಲ್ಲು. ಗಿನಿ ಪಿಗ್‌ಗಳ ಶ್ವಾಸಕೋಶ ಮತ್ತು ಎದೆಗೋಡೆಯ ನಡುವಿನ ಅವಕಾಶಕ್ಕೆ ದ್ರವ ತುಂಬಿದ ತೆಳು ನಳಿಕೆಯನ್ನು ಇರಿಸಿ, ಪ್ರಾಣಿ ಎಚ್ಚರಗೊಂಡ ಬಳಿಕ ಅದನ್ನು ಪೆಟ್ಟಿಗೆಯೊಂದರಲ್ಲಿ ಕೂರಿಸಿ ಅವರು ಅಳತೆ ನಡೆಸಿದರು. ಗಂಧಕದ ಡೈಆಕ್ಸೈಡ್‌ನಂತಹ ಮಾಲಿನ್ಯಕಾರಕಗಳು ಶ್ವಾಸನಾಳವನ್ನು ಬಿಗಿಯುತ್ತವೆ ಎಂಬುದನ್ನು ತೋರಿಸಲು ಈ ವಿಧಾನ ನೆರವಾಯಿತು. ಪ್ರಾಣಿ ಎಚ್ಚರವಾಗಿರುತ್ತದೆ ಎಂಬುದು ಇದರ ಹೆಗ್ಗಳಿಕೆ. ಆದರೆ ಎದೆಯೊಳಗೆ ನಳಿಕೆ ಇಟ್ಟುಕೊಂಡು ಅಲುಗಾಡದಂತೆ ಕೂತ ಗಿನಿ ಪಿಗ್ ನಿರಾಳವಾಗಿ ಉಸಿರಾಡುತ್ತಿತ್ತು ಎನ್ನುವುದು ಕಷ್ಟ.

ಮುಖವಾಡದ ಪ್ರಭಾವ

ದೇಹದೊಳಗೆ ಏನನ್ನೂ ತೂರಿಸದಿದ್ದರೂ ಉಸಿರಾಟ ಬದಲಾಗುತ್ತದೆ. ಇದಕ್ಕೆ ಮನುಷ್ಯರೇ ಸಾಕ್ಷಿ. ಬಾಯಿಗೆ ನಳಿಕೆ ಕೊಟ್ಟು ಮೂಗಿಗೆ ಕ್ಲಿಪ್ ಹಾಕಿದೊಡನೆ ಜನರ ಉಸಿರು ಆಳವಾಗುತ್ತದೆ ಎಂಬುದನ್ನು 1972ರಲ್ಲಿ ಗಿಲ್ಬರ್ಟ್ ಮತ್ತು ಸಹೋದ್ಯೋಗಿಗಳು, 1980ರಲ್ಲಿ ಅಸ್ಕನಾಜಿ ಮತ್ತು ಸಹೋದ್ಯೋಗಿಗಳು ತೋರಿಸಿಕೊಟ್ಟರು. ಪರೀಕ್ಷೆಯ ಉದ್ದೇಶ ತಿಳಿದಿರುವ ಮನುಷ್ಯನಲ್ಲಿಯೇ ಹೀಗಾದರೆ ಪ್ರಾಣಿಯ ಪಾಡೇನು?

ಕುದುರೆಯ ಉದಾಹರಣೆ ಕುತೂಹಲಕರ. ಕುದುರೆ ಬಾಯಿಯಿಂದ ಉಸಿರಾಡಲಾರದು. ಓಡುವಾಗ ಮೂಗಿನ ಹೊಳ್ಳೆಗಳನ್ನು ಅರಳಿಸಿ ದಾರಿಯನ್ನು ಅಗಲಗೊಳಿಸಿಕೊಳ್ಳುತ್ತದೆ. ವೇಗದ ಓಟದಲ್ಲಿ ನಿಮಿಷಕ್ಕೆ ಸಾವಿರ ಲೀಟರಿಗೂ ಹೆಚ್ಚು ಗಾಳಿ ಅದರ ಶ್ವಾಸಕೋಶವನ್ನು ಹೊಕ್ಕು ಹೊರಬರುತ್ತದೆ. ಇಂತಹ ಪ್ರಾಣಿಯ ಮೂತಿಗೆ ಹರಿವು ಅಳೆಯುವ ಮುಖವಾಡ ತೊಡಿಸಿದಾಗ, ಹೊಳ್ಳೆಗಳ ಮೇಲೆ ಸ್ವಲ್ಪ ಒತ್ತು ಬಿದ್ದರೂ, ಉಪಕರಣದ ಜಾಲರಿ ತುಸು ಪ್ರತಿರೋಧ ಒಡ್ಡಿದರೂ ಅಳತೆಯಲ್ಲಿ ಅದರ ಪಾಲು ಸೇರಿಕೊಳ್ಳುತ್ತದೆ. ಕುದುರೆಯ ಮೂಗಿನ ಮೂಲಕ ಅನ್ನನಾಳಕ್ಕೆ ಸಣ್ಣ ಬಲೂನು ಇಳಿಸಿ ಎದೆಯೊಳಗಿನ ಒತ್ತಡವನ್ನು ಅಂದಾಜಿಸುವುದು ಪಶುವೈದ್ಯರು ದಶಕಗಳಿಂದ ಅನುಸರಿಸುತ್ತಿರುವ ಕ್ರಮ. ಪ್ರಾಣಿ ಸಹಕರಿಸದಿದ್ದರೆ ಶಾಮಕ ಔಷಧ ನೀಡಬೇಕಾಗುತ್ತದೆ. ತೊಡಕು ಶುರುವಾಗುವುದು ಅಲ್ಲಿಯೇ. ಕ್ಸೈಲಜಿನ್‌ನಂತಹ ಶಾಮಕಗಳ ಪ್ರಭಾವದಲ್ಲಿ ಕುದುರೆ ತಲೆ ತಗ್ಗಿಸಿ ನಿಲ್ಲುತ್ತದೆ, ಮೂಗಿನ ಒಳಪದರದಲ್ಲಿ ರಕ್ತ ತುಂಬಿ ದಾರಿ ಕಿರಿದಾಗುತ್ತದೆ. ಅದೇ ಔಷಧ ಗೂರಲು ಕುದುರೆಯ ಶ್ವಾಸಕೋಶದೊಳಗಿನ ನಾಳಗಳನ್ನು ಸಡಿಲಗೊಳಿಸುತ್ತದೆ. ಮೇಲೆ ಪ್ರತಿರೋಧ ಹೆಚ್ಚುತ್ತದೆ, ಕೆಳಗೆ ಕಡಿಮೆಯಾಗುತ್ತದೆ. ಉಪಕರಣ ತೋರಿಸುವುದು ಇವೆರಡರ ಮೊತ್ತವನ್ನು ಮಾತ್ರ.

ಮರೆತುಹೋದ ನಿಟ್ಟುಸಿರು

ನಿಖರತೆಯ ದೃಷ್ಟಿಯಿಂದ ಇಂದು ಅತ್ಯುತ್ತಮವೆಂದು ಪರಿಗಣಿತವಾಗಿರುವುದು ಬಲವಂತದ ಆಂದೋಲನ ವಿಧಾನ. ಇಲಿಗೆ ಅರಿವಳಿಕೆ ನೀಡಿ, ಶ್ವಾಸನಾಳಕ್ಕೆ ನಳಿಕೆ ಜೋಡಿಸಿ, ಸಾಮಾನ್ಯವಾಗಿ ಸ್ನಾಯುಗಳನ್ನು ನಿಷ್ಕ್ರಿಯಗೊಳಿಸಿ, ಗಣಕಯಂತ್ರದ ನಿಯಂತ್ರಣದಲ್ಲಿರುವ ಕೊಳವೆಯಂತ್ರದ ಮೂಲಕ ಶ್ವಾಸಕೋಶಕ್ಕೆ ವಿವಿಧ ಆವರ್ತನಗಳ ಸೂಕ್ಷ್ಮ ಗಾಳಿಯಲೆಗಳನ್ನು ಕಳುಹಿಸಲಾಗುತ್ತದೆ. ಮರಳಿ ಬರುವ ಒತ್ತಡದ ಏರಿಳಿತದಿಂದ ದೊಡ್ಡ ನಾಳಗಳ ಪ್ರತಿರೋಧವನ್ನೂ ಅಂಗಾಂಶದ ಬಿಗುಪನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಲು ಸಾಧ್ಯ. ಕೆನಡಾದ ಮಾಂಟ್ರಿಯಲ್‌ನಲ್ಲಿ ಅಭಿವೃದ್ಧಿಗೊಂಡ ಫ್ಲೆಕ್ಸಿವೆಂಟ್ ಎಂಬ ಉಪಕರಣ ಈ ಕೆಲಸಕ್ಕೆ ಪ್ರಸಿದ್ಧ.

ಆದರೆ ಈ ಅಂಕಿ ಯಾವ ಇಲಿಯದು? ಅದು ಓಡಾಡುವ, ಮೂಸುವ, ಬೆದರುವ ಇಲಿಯದಲ್ಲ. ಇಲಿ ಮೂಗಿನಿಂದಲೇ ಉಸಿರಾಡುವ ಪ್ರಾಣಿ, ಸಹಜ ಸ್ಥಿತಿಯಲ್ಲಿ ಗಾಳಿಗೆ ಎದುರಾಗುವ ಪ್ರತಿರೋಧದ ದೊಡ್ಡ ಪಾಲು ಮೂಗಿನದೇ. ಶ್ವಾಸನಾಳಕ್ಕೆ ನಳಿಕೆ ಹಾಕಿದೊಡನೆ ಮೂಗು ಲೆಕ್ಕದಿಂದಲೇ ಹೊರಗುಳಿಯುತ್ತದೆ. ಅದರ ಜಾಗದಲ್ಲಿ ಕಿರಿದಾದ ಲೋಹದ ನಳಿಕೆಯ ಪ್ರತಿರೋಧ ಬಂದು ಸೇರುತ್ತದೆ. ಅದನ್ನು ಮೊದಲೇ ಅಳೆದಿಟ್ಟುಕೊಂಡು ಕಳೆಯಬೇಕು. ಅರಿವಳಿಕೆಯೂ ತಟಸ್ಥವಲ್ಲ. ಐಸೊಫ್ಲುರೇನ್, ಕೆಟಮಿನ್ ಎರಡೂ ಶ್ವಾಸನಾಳವನ್ನು ಸಡಿಲಗೊಳಿಸುವ ಗುಣ ಉಳ್ಳವು. ತೀವ್ರ ಆಸ್ತಮಾದಿಂದ ಬಳಲುವ ರೋಗಿಗಳಿಗೆ ತುರ್ತು ಘಟಕಗಳಲ್ಲಿ ಕೆಟಮಿನ್ ನೀಡುವುದುಂಟು ಎಂಬುದನ್ನು ನೆನೆದರೆ, ಅದೇ ಔಷಧ ಪಡೆದ ಇಲಿಯಲ್ಲಿ ಆಸ್ತಮಾದ ಬಿಗಿತವನ್ನು ಅಳೆಯುವುದರ ವಿಪರ್ಯಾಸ ಅರ್ಥವಾದೀತು!

ಎಲ್ಲಕ್ಕಿಂತ ಸೂಕ್ಷ್ಮವಾದ ಪರಿಣಾಮವನ್ನು ಗುರುತಿಸಿದ್ದು 1959ರಲ್ಲಿ, ಜೆರಿ ಮೀಡ್ ಮತ್ತು ಕೊಲಿಯರ್. ಅರಿವಳಿಕೆಯಲ್ಲಿದ್ದ ನಾಯಿಗಳ ಶ್ವಾಸಕೋಶ ಹೊತ್ತು ಕಳೆದಂತೆ ತನ್ನಷ್ಟಕ್ಕೆ ಗಡುಸಾಗುತ್ತಾ ಹೋಗುವುದನ್ನು ಅವರು ಕಂಡರು. ನಾಯಿಗಳಿಗೆ ಯಾವ ಕಾಯಿಲೆಯೂ ಇರಲಿಲ್ಲ. ಒಂದೇ ಅಳತೆಯ ಸಣ್ಣ ಉಸಿರುಗಳು ಮತ್ತೆ ಮತ್ತೆ ನಡೆದಾಗ ಕೆಲವು ವಾಯುಕೋಶಗಳು ಮೆಲ್ಲಗೆ ಮುಚ್ಚಿಕೊಳ್ಳುತ್ತವೆ. ಶ್ವಾಸಕೋಶವನ್ನು ಒಮ್ಮೆ ಪೂರ್ಣವಾಗಿ ಉಬ್ಬಿಸಿದೊಡನೆ ಅದು ಮತ್ತೆ ಮೊದಲಿನ ಸ್ಥಿತಿಗೆ ಮರಳುತ್ತಿತ್ತು.

ಎಚ್ಚರವಿರುವ ಪ್ರಾಣಿ ಈ ಕೆಲಸವನ್ನು ತನಗರಿವಿಲ್ಲದೆಯೇ ಮಾಡಿಕೊಳ್ಳುತ್ತಿರುತ್ತದೆ. ನಡುನಡುವೆ ಬರುವ ಆಳವಾದ ಉಸಿರು, ನಾವು ನಿಟ್ಟುಸಿರು ಎನ್ನುವುದು, ಬರಿಯ ದುಃಖದ ಕುರುಹಲ್ಲ. ಮುಚ್ಚಿಕೊಂಡ ವಾಯುಕೋಶಗಳನ್ನು ತೆರೆಯುವ ವ್ಯವಸ್ಥೆಯೂ ಹೌದು. ಇಲಿಗಳಲ್ಲಿಯೂ ಇದು ಆಗಾಗ ಕಂಡುಬರುತ್ತದೆ. ಯಂತ್ರಕ್ಕೆ ಜೋಡಿಸಿದ, ಸ್ನಾಯುಗಳು ನಿಷ್ಕ್ರಿಯವಾದ ಪ್ರಾಣಿ ನಿಟ್ಟುಸಿರು ಬಿಡಲಾರದು. ಹೀಗಾಗಿ ಅಳತೆಗೆ ಹೆಚ್ಚು ಹೊತ್ತು ಹಿಡಿದಷ್ಟೂ, ಅಳೆಯಲ್ಪಡುತ್ತಿರುವ ಶ್ವಾಸಕೋಶವೇ ಬದಲಾಗುತ್ತಾ ಹೋಗುತ್ತದೆ. ಬೆಳಗ್ಗೆ ಅಳೆದ ಗುಂಪಿಗೂ, ಯಂತ್ರದ ಮೇಲೆ ಹೆಚ್ಚು ಹೊತ್ತು ಕಾದ ಗುಂಪಿಗೂ ವ್ಯತ್ಯಾಸ ಕಂಡರೆ ಅದು ಔಷಧದ್ದೋ, ಕಾಯುವಿಕೆಯದ್ದೋ ಹೇಳುವುದು ಕಷ್ಟ. ಇದನ್ನು ತಪ್ಪಿಸಲೆಂದೇ ಪ್ರತಿ ಅಳತೆಗೂ ಮುನ್ನ ಶ್ವಾಸಕೋಶವನ್ನು ಸುಮಾರು 30 ಸೆಂಟಿಮೀಟರ್ ನೀರಿನ ಒತ್ತಡದವರೆಗೆ ಉಬ್ಬಿಸುವ, ಉಸಿರು ಬಿಟ್ಟ ಕೊನೆಯಲ್ಲಿಯೂ ಸುಮಾರು 3 ಸೆಂಟಿಮೀಟರ್ ಒತ್ತಡ ಉಳಿಸುವ ಪದ್ಧತಿ ರೂಢಿಗೆ ಬಂದಿದೆ. ಆದರೆ ಆಳವಾಗಿ ಉಬ್ಬಿಸುವುದರಿಂದ ಬಿಗಿದ ಶ್ವಾಸನಾಳವೂ ಸಡಿಲಗೊಳ್ಳಬಹುದು. ಯಾವಾಗ, ಎಷ್ಟು ಬಾರಿ ಉಬ್ಬಿಸಲಾಯಿತು ಎಂಬುದು ಫಲಿತಾಂಶದಷ್ಟೇ ಮುಖ್ಯ.

ಪೆಟ್ಟಿಗೆಯ ಆಮಿಷ

ಇಷ್ಟೆಲ್ಲ ಕಷ್ಟವಿರುವಾಗ, ಇಲಿಯನ್ನು ಮುಟ್ಟದೆಯೇ ಅಳೆಯುವ ಉಪಾಯ ಸಿಕ್ಕರೆ ಯಾರು ಬೇಡವೆಂದಾರು? ಅಂಥದೊಂದು ಉಪಾಯದ ಬೇರು 1955ರಲ್ಲಿದೆ. ನವಜಾತ ಶಿಶುಗಳ ಉಸಿರಾಟವನ್ನು ಅಳೆಯಲು ಡ್ರೋರ್‌ಬಾ ಮತ್ತು ಫೆನ್ ಎಂಬ ವಿಜ್ಞಾನಿಗಳು ಮುಚ್ಚಿದ ಪೆಟ್ಟಿಗೆಯನ್ನು ಬಳಸಿದರು. ಒಳಗೆಳೆದ ತಣ್ಣನೆಯ ಗಾಳಿ ಶ್ವಾಸಕೋಶದಲ್ಲಿ ಬೆಚ್ಚಗಾಗಿ, ತೇವಾಂಶ ಹೀರಿ ಹಿಗ್ಗುತ್ತದೆ. ಹಾಗಾಗಿ ಪ್ರತಿ ಉಸಿರಿಗೂ ಪೆಟ್ಟಿಗೆಯ ಒತ್ತಡ ತುಸುವೇ ಏರಿ ಇಳಿಯುತ್ತದೆ. ಆ ಏರಿಳಿತದಿಂದ ಉಸಿರಿನ ಗಾತ್ರವನ್ನು ಅಂದಾಜಿಸುವುದು ಅವರ ವಿಧಾನ.

ಅಮೆರಿಕದ ಡೆನ್ವರ್ ನಗರದ ಸಂಶೋಧಕರಾದ ಹ್ಯಾಮೆಲ್‌ಮನ್ ಮತ್ತು ಸಂಗಡಿಗರು 1997ರಲ್ಲಿ ಇದೇ ಬಗೆಯ ಪೆಟ್ಟಿಗೆಯಲ್ಲಿ ಅಲರ್ಜಿಗೊಳಗಾದ ಇಲಿಗಳನ್ನು ಓಡಾಡಲು ಬಿಟ್ಟು, ಒತ್ತಡದ ಅಲೆಯ ಆಕಾರದಿಂದ ‘ಪೆನ್ಹ್’ ಎಂಬ ಅಂಕಿಯನ್ನು ಪಡೆದು ಪ್ರಕಟಿಸಿದರು. ‘ಹೆಚ್ಚಿದ ವಿರಾಮ’ ಎಂಬರ್ಥದ ಇಂಗ್ಲಿಷ್ ಪದಗಳ ಸಂಕ್ಷಿಪ್ತ ರೂಪವದು. ಉಸಿರು ಬಿಡುವ ಅವಧಿ ಹೇಗೆ ಹಂಚಿಹೋಗಿದೆ, ಬಿಡುವಾಗಿನ ಮತ್ತು ಎಳೆಯುವಾಗಿನ ಒತ್ತಡದ ಶಿಖರಗಳ ಅನುಪಾತ ಎಷ್ಟು ಎಂಬುದರಿಂದ ಇದನ್ನು ಲೆಕ್ಕ ಹಾಕುತ್ತಾರೆ. ಇದಕ್ಕೆ ಮಾನವೇ ಇಲ್ಲ. ಅಂದರೆ ಇದು ಒತ್ತಡವೂ ಅಲ್ಲ, ಹರಿವೂ ಅಲ್ಲ, ಪ್ರತಿರೋಧವೂ ಅಲ್ಲ.

ಆದರೂ ವಿಧಾನ ಬೇಗನೆ ಜನಪ್ರಿಯವಾಯಿತು. ಶಸ್ತ್ರಕ್ರಿಯೆ ಬೇಡ, ಅರಿವಳಿಕೆ ಬೇಡ, ಒಂದೇ ಇಲಿಯನ್ನು ದಿನದಿನವೂ ಅಳೆಯಬಹುದು, ಹಲವು ಪೆಟ್ಟಿಗೆಗಳನ್ನು ಒಟ್ಟಿಗೆ ಓಡಿಸಬಹುದು. ಯಾಂತ್ರಿಕ ಅಳತೆಯ ತರಬೇತಿ ಇಲ್ಲದ ರೋಗನಿರೋಧಶಾಸ್ತ್ರ ಪ್ರಯೋಗಾಲಯಗಳಿಗೂ ಇದು ವರದಾನವಾಗಿ ಕಂಡಿತು. ಪೆನ್ಹ್ ಏರಿದರೆ ಶ್ವಾಸನಾಳ ಬಿಗಿದಿದೆ ಎಂದು ಬರೆಯುವುದು ವಾಡಿಕೆಯಾಯಿತು.

ವಿರೋಧವೂ ತಡವಾಗಲಿಲ್ಲ. ಜಾನ್ಸ್ ಹಾಪ್‌ಕಿನ್ಸ್‌ನ ವೇಯ್ನ್ ಮಿಟ್ಜ್‌ನರ್ ಮತ್ತಿತರರು, ಇದು ಉಸಿರಾಟದ ಲಯದ ಅಂಕಿಯೇ ಹೊರತು ಶ್ವಾಸನಾಳದ ಪ್ರತಿರೋಧದ ಅಂಕಿಯಲ್ಲ ಎಂದು ಆಕ್ಷೇಪಿಸಿದರು. ವಾದವನ್ನು ಪ್ರಯೋಗದಿಂದ ಪರೀಕ್ಷಿಸಿದವರ ಪೈಕಿ ಫೆರೆನ್ಸ್ ಪೆಟಾಕ್ ಮತ್ತು ಸಂಗಡಿಗರ 2001ರ ವರದಿ ಗಮನಾರ್ಹ. ಅವರು ಇಲಿಗಳನ್ನು ಶುದ್ಧ ಆಮ್ಲಜನಕದಲ್ಲಿ 24, 48 ಮತ್ತು 60 ಗಂಟೆ ಇರಿಸಿ ಎರಡೂ ವಿಧಾನಗಳಿಂದ ಅಳೆದರು. ಆಂದೋಲನ ವಿಧಾನದ ಪ್ರಕಾರ ಶ್ವಾಸನಾಳದ ಪ್ರತಿರೋಧ ಕಡಿಮೆಯಾಗುತ್ತಾ ಹೋಗಿತ್ತು. ಅಂಗಾಂಶದ ಹಾನಿ ಕಂಡದ್ದು 60 ಗಂಟೆಯ ಹೊತ್ತಿಗೆ. ಆದರೆ ಪೆನ್ಹ್ 24 ಗಂಟೆಯಲ್ಲಿಯೇ ಏರಿತ್ತು! ಪೆನ್ಹ್ ಅನ್ನು ಮಾತ್ರ ನಂಬಿದವರು ಸಡಿಲಗೊಳ್ಳುತ್ತಿದ್ದ ಶ್ವಾಸನಾಳವನ್ನು ಬಿಗಿಯುತ್ತಿದೆ ಎಂದು ಓದುತ್ತಿದ್ದರು.

ಮರುವರ್ಷ, 2002ರಲ್ಲಿ, ಲುಂಡ್‌ಬ್ಲಾಡ್ ಮತ್ತು ಸಹೋದ್ಯೋಗಿಗಳು ಪೆಟ್ಟಿಗೆಯ ಗುಟ್ಟನ್ನೇ ಬಿಚ್ಚಿಟ್ಟರು. ಪೆಟ್ಟಿಗೆಯ ಗಾಳಿಯನ್ನು ಇಲಿಯ ಮೈಬಿಸಿಗೆ ಸಮನಾಗಿ ಬಿಸಿ ಮಾಡಿ, ತೇವಗೊಳಿಸಿದಾಗ ಒತ್ತಡದ ಏರಿಳಿತ ಸುಮಾರು ಮೂರನೆಯ ಎರಡು ಭಾಗದಷ್ಟು ತಗ್ಗಿತು. ಅಂದರೆ ಅಲ್ಲಿಯವರೆಗೆ ದಾಖಲಾಗುತ್ತಿದ್ದ ಅಲೆಯ ಬಹುಪಾಲು, ಗಾಳಿ ಬೆಚ್ಚಗಾಗಿ ತೇವಗೊಂಡ ಕ್ರಿಯೆಯ ಗುರುತು. ಉಳಿದ ಭಾಗದಿಂದ ಪ್ರತಿರೋಧವನ್ನು ತಿಳಿಯಬಹುದು, ಆದರೆ ಉಸಿರಿನ ಗಾತ್ರ ಮತ್ತು ಉಸಿರು ಬಿಟ್ಟ ಬಳಿಕ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಎರಡನ್ನೂ ಪ್ರತ್ಯೇಕವಾಗಿ ಅಳೆದರೆ ಮಾತ್ರ ಎಂಬುದು ಅವರ ನಿಲುವು. 2004ರಲ್ಲಿ ಬೇಟ್ಸ್, ಇರ್ವಿನ್ ಸೇರಿದಂತೆ ಈ ಕ್ಷೇತ್ರದ ಅನೇಕ ಹಿರಿಯರು ಜಂಟಿಯಾಗಿ ಪತ್ರ ಬರೆದು, ಪೆನ್ಹ್‌ನ ದುರ್ಬಳಕೆಯ ವಿರುದ್ಧ ಎಚ್ಚರಿಸಿದರು. ಶರೀರಶಾಸ್ತ್ರಜ್ಞರು ಹೀಗೆ ಒಟ್ಟಾಗಿ ಸಹಿ ಹಾಕುವುದು ದಿನನಿತ್ಯದ ಸಂಗತಿಯಲ್ಲ.

ಪೆನ್ಹ್ ದಾರಿ ತಪ್ಪಿಸುವ ಇನ್ನೊಂದು ಬಗೆಯನ್ನು ವಿಷವಿಜ್ಞಾನಿಗಳು ಮೊದಲೇ ಬಲ್ಲವರಾಗಿದ್ದರು. ಮೂಗನ್ನು ಕೆರಳಿಸುವ ಅನಿಲ ಸೋಕಿದರೆ ಇಲಿ ಉಸಿರು ಬಿಡುವ ಮೊದಲು ಕ್ಷಣಕಾಲ ತಡೆಯುತ್ತದೆ. ಇದು ನರಗಳ ಪ್ರತಿವರ್ತನೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಈವ್ ಅಲಾರಿ ಇದನ್ನೇ ಆಧರಿಸಿ, ಉಸಿರಿನ ಗತಿಯನ್ನು ಅರ್ಧಕ್ಕೆ ಇಳಿಸುವ ಪ್ರಮಾಣದಿಂದ ರಾಸಾಯನಿಕಗಳ ಕೆರಳಿಸುವ ಶಕ್ತಿಯನ್ನು ಅಳೆಯುವ ಪರೀಕ್ಷೆಯನ್ನು ರೂಪಿಸಿದರು. ಇಂಥ ತಡೆಯಿಂದ ವಿರಾಮ ಹೆಚ್ಚುತ್ತದೆ, ಅಂಕಿಯೂ ಏರುತ್ತದೆ. ಶ್ವಾಸಕೋಶದ ನಾಳಗಳು ಮಾತ್ರ ಇದ್ದ ಹಾಗೆಯೇ ಇರಬಹುದು.

ಎರಡರಲ್ಲಿ ಒಂದನ್ನು ಬಿಡಬೇಕು

ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಜೇಸನ್ ಬೇಟ್ಸ್ ಮತ್ತು ಚಾರ್ಲ್ಸ್ ಇರ್ವಿನ್ 2003ರಲ್ಲಿ ಈ ಇಕ್ಕಟ್ಟಿಗೆ ಒಂದು ಹೆಸರು ಕೊಟ್ಟರು. ಭೌತಶಾಸ್ತ್ರದ ಅನಿಶ್ಚಿತತೆಯ ತತ್ವವನ್ನು ನೆನಪಿಸುವ ಆ ಹೆಸರಿನ ತಿರುಳು ಇಷ್ಟೆ: ಅಳತೆ ನಿಖರವಾದಷ್ಟೂ ಪ್ರಾಣಿ ತನ್ನ ಸಹಜ ಸ್ಥಿತಿಯಿಂದ ದೂರವಾಗುತ್ತದೆ, ಪ್ರಾಣಿಯನ್ನು ಸಹಜವಾಗಿ ಬಿಟ್ಟಷ್ಟೂ ಅಳತೆ ಮಸುಕಾಗುತ್ತದೆ. ಹೋಲಿಕೆ ಕಾವ್ಯಮಯವೆನಿಸಿದರೂ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಭೌತಶಾಸ್ತ್ರದ ಮಿತಿ ಪ್ರಕೃತಿಯ ನಿಯಮ. ಇಲಿಯ ವಿಷಯದಲ್ಲಿನ ಮಿತಿ ಬಹುಮಟ್ಟಿಗೆ ಉಪಕರಣದ್ದು, ಹಣದ್ದು, ಕೆಲವೊಮ್ಮೆ ಅವಸರದ್ದು.

ನಡುವಣ ದಾರಿಗಳೂ ಇವೆ. ತಲೆಯನ್ನು ಒಂದು ಕೋಣೆಯಲ್ಲಿ, ಮೈಯನ್ನು ಇನ್ನೊಂದರಲ್ಲಿ ಇರಿಸುವ ಪೆಟ್ಟಿಗೆಯಿಂದ ಹರಿವನ್ನು ನೇರವಾಗಿ ಅಳೆಯಬಹುದು. ಆದರೆ ಪ್ರಾಣಿಯನ್ನು ಹಿಡಿದಿಡಬೇಕು. ಹಿಡಿತದಲ್ಲಿರುವ ಇಲಿ ಬೆದರುತ್ತದೆ, ಮೈ ಬಿಸಿಯಾಗುತ್ತದೆ, ಉಸಿರು ವೇಗಗೊಳ್ಳುತ್ತದೆ. ಆದ್ದರಿಂದ ಪ್ರಯೋಗಕ್ಕೆ ಮುನ್ನ ಕೆಲವು ದಿನ ಅದನ್ನು ಅಲ್ಲಿ ಕೂರಿಸಿ ಅಭ್ಯಾಸ ಮಾಡಿಸುವ ಕ್ರಮವಿದೆ. ದಿನಗಟ್ಟಲೆ ಪೆಟ್ಟಿಗೆಯಲ್ಲಿ ಲಯವನ್ನು ಗಮನಿಸಿ, ಪ್ರಯೋಗದ ಕೊನೆಯಲ್ಲಿ ಅದೇ ಇಲಿಗಳನ್ನು ಅರಿವಳಿಕೆಯಲ್ಲಿ ಆಂದೋಲನ ವಿಧಾನದಿಂದ ಅಳೆಯುವುದು ಹೆಚ್ಚು ವಿಶ್ವಾಸಾರ್ಹ. ಎರಡೂ ಒಂದೇ ದಿಕ್ಕನ್ನು ತೋರಿಸಿದರೆ ನೆಮ್ಮದಿ. ತೋರಿಸದಿದ್ದರೆ ಬದಲಾದದ್ದು ಶ್ವಾಸನಾಳವೋ, ಲಯವೋ ಎಂದು ಹುಡುಕಬೇಕಾಗುತ್ತದೆ.

ಭಾರತದಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆ, 1960ರ ಅಡಿಯಲ್ಲಿ ರಚಿತವಾದ ಕೇಂದ್ರ ಸಮಿತಿ ಪ್ರಾಣಿ ಪ್ರಯೋಗಗಳ ಮೇಲೆ ನಿಗಾ ವಹಿಸುತ್ತದೆ. ಪ್ರಾಣಿಗೆ ಆದಷ್ಟು ಕಡಿಮೆ ನೋವು, ಆದಷ್ಟು ಕಡಿಮೆ ಪ್ರಾಣಿಗಳು ಎಂಬುದು ಒಪ್ಪಿತ ತತ್ವ. ನೋವಿಲ್ಲದ ಪೆಟ್ಟಿಗೆ ಈ ತತ್ವಕ್ಕೆ ಹತ್ತಿರವೆಂದು ಮೇಲ್ನೋಟಕ್ಕೆ ಅನಿಸುತ್ತದೆ. ಆದರೆ ತಪ್ಪು ಪ್ರಶ್ನೆಗೆ ಬಳಸಿದ ಅಳತೆಯಿಂದ ಪ್ರಯೋಗವನ್ನು ಮರುಮಾಡಬೇಕಾದರೆ ಬಲಿಯಾಗುವ ಪ್ರಾಣಿಗಳ ಸಂಖ್ಯೆ ಇಮ್ಮಡಿಯಾಗುತ್ತದೆ. 2023ರಲ್ಲಿ ಹೊಸ ಔಷಧಗಳ ನಿಯಮಗಳಿಗೆ ತಿದ್ದುಪಡಿ ತಂದು, ಪ್ರಾಣಿಗಳಿಲ್ಲದ ಪರೀಕ್ಷಾ ವಿಧಾನಗಳಿಗೂ ಅವಕಾಶ ಕಲ್ಪಿಸಲಾಗಿದೆ. ಆದರೂ ಪ್ರಾಣಿ ಪರೀಕ್ಷೆ ಸದ್ಯಕ್ಕೆ ತೆರೆಮರೆಗೆ ಸರಿಯುವ ಲಕ್ಷಣವಿಲ್ಲ.

ಔಷಧ ಸುರಕ್ಷತೆಯ ಪರೀಕ್ಷೆಗಳನ್ನು ನಡೆಸುವ ಪ್ರಯೋಗಾಲಯಗಳು ಬೆಂಗಳೂರಿನಲ್ಲಿಯೂ ಇವೆ. ಇಂಥ ಪರೀಕ್ಷೆಗಳಿಗೆ ಆಧಾರವಾಗಿರುವ 2000ದ ಅಂತಾರಾಷ್ಟ್ರೀಯ ಮಾರ್ಗಸೂಚಿ, ಹೃದಯ ಮತ್ತು ನರಮಂಡಲದ ಜೊತೆಗೆ ಉಸಿರಾಟದ ಮೇಲೆ ಹೊಸ ಔಷಧದ ಪರಿಣಾಮವನ್ನೂ ಪರೀಕ್ಷಿಸಬೇಕೆನ್ನುತ್ತದೆ. ಪ್ರಾಣಿಯನ್ನು ಕಣ್ಣಳತೆಯಿಂದ ಗಮನಿಸಿದರೆ ಸಾಲದು ಎಂದೂ ಹೇಳುತ್ತದೆ. ಅದು ಮುಖ್ಯವಾಗಿ ಕೇಳುವುದು ಉಸಿರಿನ ಗತಿ, ಉಸಿರಿನ ಗಾತ್ರ ಅಥವಾ ರಕ್ತದಲ್ಲಿನ ಆಮ್ಲಜನಕದ ಮಟ್ಟದಂತಹ ಅಳತೆಗಳನ್ನು. ನೋವು ನಿವಾರಕವೊಂದು ಉಸಿರಾಟವನ್ನು ಕುಗ್ಗಿಸುತ್ತದೆಯೇ ಎಂದು ತಿಳಿಯಲು ಪೆಟ್ಟಿಗೆ ಸಾಕು, ಏಕೆಂದರೆ ಅಲ್ಲಿ ಪ್ರಶ್ನೆ ಇರುವುದು ಲಯದ ಬಗ್ಗೆಯೇ. ಆಸ್ತಮಾದ ಔಷಧ ಶ್ವಾಸನಾಳವನ್ನು ತೆರೆಯುತ್ತದೆಯೇ ಎಂಬ ಪ್ರಶ್ನೆಗೆ ಅದೇ ಪೆಟ್ಟಿಗೆಯ ಉತ್ತರ ಸಾಲದು. ಅಂಥ ವರದಿಯನ್ನು ಓದುವವರು ಫಲಿತಾಂಶದ ಪಟ್ಟಿಗಿಂತ ಮೊದಲು ವಿಧಾನದ ಪುಟವನ್ನು ತಿರುವಬೇಕು. ಯಾವ ಅರಿವಳಿಕೆ, ಮೂಗಿನಿಂದಲೋ ನಳಿಕೆಯಿಂದಲೋ, ಪ್ರತಿ ಅಳತೆಗೆ ಮುನ್ನ ಎಷ್ಟು ಬಾರಿ ಉಬ್ಬಿಸಿದರು, ಪೆಟ್ಟಿಗೆಯ ಗಾಳಿ ಎಷ್ಟು ಬೆಚ್ಚಗಿತ್ತು ಎಂಬ ನಾಲ್ಕು ವಿವರಗಳು ಅಲ್ಲಿ ಇಲ್ಲದಿದ್ದರೆ, ಮುಂದಿನ ಪುಟದ ಅಂಕಿಗಳನ್ನು ಇನ್ನೊಂದು ಪ್ರಯೋಗಾಲಯದ ಅಂಕಿಗಳೊಡನೆ ಹೋಲಿಸಲು ಬರುವುದಿಲ್ಲ.